ಮಡಗಿರು

ನೂರಡಿ ರಸ್ತೆ, ಟೈಲರ್ ಅಂಗಡಿಯ ನೆತ್ತಿಯ ಮೇಲೆ
ನಮ್ಮ ಆಡಿಟರ್ ಆಫೀಸು.
ಹೊಸ ಗಿರಾಕಿ ಬಂದರೆ ಮೊದಲೆಲ್ಲ
ಒಂದು ರಟ್ಟಿನ ಫೈಲು, ದಬ್ಬಳ, ಬಿಳಿ ಲಾಡಿ,
ಬೆನ್ನಿನ ಮೇಲೆ ನನ್ನ ದುಂಡಕ್ಷರ.
ಆಮೇಲೆ ಕ್ಲೌಡು ಬಂತು. ಲಾಡಿ ಹೋಯಿತು, ದುಡಿತ ಹೋಗಲಿಲ್ಲ:
ಹೆಸರಿಗೊಂದು ಫೋಲ್ಡರು, ಅದರ ಹೊಟ್ಟೆಯೊಳಗೆ ಆರು,
ಒತ್ತು, ಹೆಸರು ಬರಿ, ಒತ್ತು, ಹೆಸರು ಬರಿ.
ಮೂವರು ಪುಟ್ಟಸ್ವಾಮಿಗಳು ನಮಗೆ.
ಗಾಣದ ಪುಟ್ಟಸ್ವಾಮಿಯ ನೋಟಿಸು
ಟೈರಿನ ಪುಟ್ಟಸ್ವಾಮಿಯ ಫೋಲ್ಡರು ಸೇರಿ
ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ನನ್ನನ್ನೇ ನೋಡಿದ್ದು
ನೆನೆದರೆ ಈಗಲೂ ಕುತ್ತಿಗೆ ಬೆವರುತ್ತದೆ.

ಮೂರು ಭಾನುವಾರ ಕೂತು ಕಲಿತು
ಬರೆದೆ, ನಲವತ್ತೊಂದು ಸಾಲಿನ ಸ್ಕ್ರಿಪ್ಟು.
ಈಗ ಗಿರಾಕಿ ಫೋನಿನಲ್ಲೇ ಫಾರ್ಮು ತುಂಬಿ ಒತ್ತಿದರೆ
ನಾನು ತಟ್ಟೆ ಇಡ್ಲಿಗೆ ಇಳಿದಿದ್ದರೂ ಸರಿ,
ಅವನ ಹೆಸರಲ್ಲಿ ಮನೆ ಎದ್ದು, ಕೋಣೆಗಳಾಗಿ,
ಬೀಗದ ಕೈ ಅವನ ವಾಟ್ಸಾಪಿಗೆ ಹೋಗಿರುತ್ತದೆ.

ಅಚ್ಚು ಬೇಕಿತ್ತಲ್ಲ, ಒಂದು ನಮೂನೆ.
ಇದ್ದುದರಲ್ಲಿ ಒಪ್ಪವಾದದ್ದು ಪಾತ್ರೆ ಅಂಗಡಿ ದ್ಯಾವಯ್ಯನವರದು;
ಕೋಣೆಗಳ ಹೆಸರನ್ನು ಸಾರಾಸಗಟು ನಕಲೆತ್ತಿ
ಹತ್ತೊಂಬತ್ತನೇ ಸಾಲಿಗೆ ಅಂಟಿಸಿದೆ.
ಎಣಿಸಲಿಲ್ಲ.

ದ್ಯಾವಯ್ಯನವರು ಬಂದಾಗಲೆಲ್ಲ ಲೆಕ್ಕದ ಜತೆಗೆ
ಲೆಕ್ಕಕ್ಕಿಲ್ಲದ ಒಂದನ್ನು ಮೇಜಿನ ಮೇಲೆ ಜಾರಿಸುತ್ತಿದ್ದರು:
ಕಳುವಾದ ಸೈಕಲ್ಲಿನ ರಸೀತಿ,
ಮಾರಿದ ಮನೆಯ ಕರೆಂಟು ಬಿಲ್ಲು,
ಯಾರದೋ ಅರ್ಧ ವಿಳಾಸ.
"ಇದನ್ನೂವೆ ಮಡಗಿರವ್ವ."
ಯಾವುದಕ್ಕೆ ಅಂದರೆ, "ಮಡಗಿರು, ಅಷ್ಟೆಯ."
ಹಾಗಂತಲೇ ಹೆಸರಿಟ್ಟಿದ್ದೆ ಆ ಫೋಲ್ಡರಿಗೆ.

ಕೀಲಾರದ ಆಲೆಮನೆಯಲ್ಲಿ ನೋಡಿದ್ದೇನೆ,
ಅಚ್ಚಿನ ಹಲಗೆಯಲ್ಲೊಂದು ಕೂದಲೆಳೆ ಬಿರುಕಿದ್ದರೆ
ಆ ಸಾಲಿನ ಬೆಲ್ಲಕ್ಕೆಲ್ಲ ಬೆನ್ನ ಮೇಲೆ ಗೆರೆ.
ಸಿಹಿ ಅಷ್ಟೇ ಇರುತ್ತದೆ.

ಅರವತ್ತೆರಡು ಗಿರಾಕಿಗಳಾದ ಮೇಲೆ ಗೊತ್ತಾಯಿತು.
ಅಕಾರಾದಿಯಲ್ಲಿ ಬ್ಯಾಂಕಿಗೂ ಮಾರಾಟಕ್ಕೂ ನಡುವೆ
ಎಲ್ಲರ ಮನೆಯಲ್ಲೂ ಒಂದು ಮಡಗಿರು.
ಇದೇನೆಂದು ಒಬ್ಬರೂ ಕೇಳಿರಲಿಲ್ಲ. ತುಂಬಿದ್ದರು.
ಗುತ್ತಲಿನ ವೆಲ್ಡಿಂಗ್ ಮುಜೀಬ್,
ಯಾರೂ ಆರ್ಡರ್ ಕೊಡದ ಒಂದು ಗೇಟಿನ ಚಿತ್ರ:
ನವಿಲಿಲ್ಲ, ಸಿಂಹವಿಲ್ಲ, ಉದ್ದಕ್ಕೂ ಕಬ್ಬಿನ ಗರಿ.
ಆಲೆಮನೆ ಚಿಕ್ಕತಾಯಮ್ಮ, ಹಳೇ ಪತ್ರದ ಮೂಲೆಯ ಹೆಬ್ಬೆಟ್ಟು,
ಪತ್ರವಲ್ಲ, ಹೆಬ್ಬೆಟ್ಟು ಮಾತ್ರ, ತೀರ ಹತ್ತಿರ ಹಿಡಿದು ತೆಗೆದದ್ದು.
ಕೋಳಿಫಾರಮ್ಮಿನವರು (ನಾಲ್ಕನೆಯ ಪುಟ್ಟಸ್ವಾಮಿ)
ಹನ್ನೊಂದು ಸೆಕೆಂಡಿನ ಧ್ವನಿ. ನಾನು ಕೇಳಿಲ್ಲ.
ಲ್ಯಾಬಿನ ಡಾಕ್ಟರದ್ದು ಖಾಲಿ.
ಅವರವರ ಇಷ್ಟ.

ಸರ್ ಕಂಡರು. ಕನ್ನಡಕ ಹಣೆಗೇರಿತು.
"ಏನಮ್ಮ ಇದು, ಇನ್‌ಕಮ್ ಟ್ಯಾಕ್ಸಿನಲ್ಲಿ ಯಾವ ಸೆಕ್ಷನ್ನು?
ನಾಳೆಯೊಳಗೆ ತೆಗೆದುಹಾಕು."

ರಾತ್ರಿ ಹತ್ತೊಂಬತ್ತನೇ ಸಾಲಿನ ತುದಿಯಲ್ಲಿ
ಕರ್ಸರು ರೆಪ್ಪೆ ಬಡಿಯುತ್ತ ಕೂತಿತ್ತು, ನಾನೂ.
ಪರೀಕ್ಷೆಗೆಂದು ನನ್ನದೇ ಹೆಸರಲ್ಲಿ ಮಾಡಿದ್ದ ಫೋಲ್ಡರು ತೆರೆದೆ.
ಖರೀದಿ ಇಲ್ಲ, ಮಾರಾಟ ಇಲ್ಲ,
ಒಂದು ನೋಟಿಸು ಕಳಿಸುವಷ್ಟೂ ಸರ್ಕಾರಕ್ಕೆ ನನ್ನ ಪರಿಚಯವಿಲ್ಲ.
ಇನ್ನೊಂದಕ್ಕೆ ಏನು ಹಾಕಿದೆ ಅಂತ ಹೇಳೋದಿಲ್ಲ.

ಆಮೇಲೆ ಎಲ್ಲಕ್ಕೂ ಸಂಖ್ಯೆ ಕೊಟ್ಟೆ,
ಆರಕ್ಕೆ ಒಂದರಿಂದ ಆರು. ಇದಕ್ಕೆ ತೊಂಬತ್ತೊಂಬತ್ತು.
ಬೆಳಿಗ್ಗೆ ಪಾಂಡವಪುರದ ಫಾರ್ಮೊಂದು ಬಂದು ಮನೆ ಎದ್ದಾಗ
"ತೆಗೆದೆಯಾ?" ಅಂದರು ಸರ್, ಫೋನು ಕಣ್ಣಿಗೆ ಹಿಡಿದು.
"ನೋಡಿ ಸರ್," ಅಂದೆ.
ಅಕ್ಷರ ದೊಡ್ಡದು ಮಾಡಿಕೊಂಡ ಅವರ ಪರದೆಯಲ್ಲಿ
ಆರೇ ಹಿಡಿಸುತ್ತವೆ.